ಹೆಗಲ ಮ್ಯಾಲಿನ ಕಂಬಳಿ

೧೨ ಡಿಸೆಂಬರ್ ೨೦೧೦, ರವಿವಾರ. ಸಾವಳಗಿ

ಹೆಗಲ ಇನ್ನೂ ಚುಚ್ಚಾಕತ್ತೈತಿ.

ಭೀಮಶಿ ಅಣ್ಣನ ಕಾರು ರಾತ್ರಿ ಮುಧೋಳ ರಸ್ತ್ಯಾಗ ಕಬ್ಬಿನ ಟ್ರ್ಯಾಕ್ಟರಿಗೆ ಬಡದು ಅಂವ ತೀರಿಹೋಗಿ ಇನ್ನೂ ತಿಂಗಳಾಗಿಲ್ಲ. ನೌಕರಿ ಬಿಟ್ಟು ಅವನ ಜಿಲ್ಲಾ ಪಂಚಾಯ್ತಿ ಸೀಟಿಗೆ ನಾನು ನಿಲ್ಲಬೇಕಂತ ಕುಲದ ಹಿರ್ಯಾರ ಹಟ. ಸಾಲ್ಯಾಗ ಗಣಿತ ಕಲಿಸಾಂವ ನಾನು. ದೊಡ್ಡವರ ಮುಂದ ನಿಂತರ ಬಾಯಿ ಒಣಗತೈತಿ.

ಇವತ್ತ ಬೀರಪ್ಪನ ಗುಡಿಗೆ ಒಲ್ಲೆ ಅಂತ ಹೇಳಾಕ ಹೋಗಿದ್ದೆ. ಬಾಯಿ ತೆಗಿಯೂದ್ರಾಗ ಕುಲದ ಹಿರ್ಯಾ ಮಾಳಪ್ಪ ಕಾಕಾ ಹಣಿಗೆ ಅರಿಷಿಣದ ಭಂಡಾರ ಹಚ್ಚಿ, ಹೆಗಲಿಗೆ ಕಂಬಳಿ ಹಾಕಿಬಿಟ್ಟ. ದೇವರ ಮುಂದ ಹಾಕಿದ್ದನ್ನ ಅಲ್ಲೇ ಇಳಿಸಿದರ ಕುಲಾನ ಒಲ್ಲೆ ಅಂದಂಗ. "ಇನ್ನ ಮಾತಾಡಬ್ಯಾಡೋ ತಮ್ಮಾ" ಅಂದ.

ಮಂದಿ ರೂಢಿ ಮ್ಯಾಲ "ಭೀಮಶಿ ಅಣ್ಣಾಗ ಜೈ" ಅಂತ ಕೂಗಿದರು. ಕೂಗಿದ ಮ್ಯಾಲ ಅಂವ ಇಲ್ಲಂತ ನೆನಪಾಗಿ ಎಲ್ಲಾರೂ ತಲಿ ತಗ್ಗಿಸಿದರು. ಅದನ್ನ ತಾಳಲಾರದ ನಾನು ಕೈ ಎತ್ತಿ ಮುಗದೆ, ಥೇಟ್ ಅಣ್ಣ ಮುಗೀತಿದ್ದಂಗ. ಕೈ ಇಳಿಸೂ ಹೊತ್ತಿಗೆ ನನ್ನ ಹೆಸರ ಕೂಗಾಕತ್ತಿದ್ದರು.

ಅಣ್ಣನ ಹೇಣ್ತಿ, ನಮ್ಮ ವೈನಿಯಾದರೂ ಬ್ಯಾಡ ಅಂದಾರು ಅಂತ ಆಸೆ ಇಟಗೊಂಡು ಮನಿಗೆ ಬಂದೆ. ಅವರು ಕಂಬಳಿ ಇಸಗೊಂಡು, ಮಡಚಿ, ಅಣ್ಣನ ಗೂಟಕ್ಕ ಹಾಕಿದರು. ಬಾಗಲದಾಗ ಹೊಳ್ಳಿ ನಿಂತು ಅಂದರು:

"ಪ್ರಚಾರಕ್ಕ ಹೋದಾಗ ಕತ್ತಲಾದ್ರ ಮುಧೋಳ ರಸ್ತಾ ಹಿಡೀಬ್ಯಾಡ್ರಿ."