ಮೀನಿನಲ್ಲೂ ಸರಿಯಿದ್ದ ಜಾಗ

೧೪ ಜೂನ್, ಭಾನುವಾರ

ಪ್ರೀತಿಯ ಮೊಂಡಿಗೆ ಅಕ್ಕನ ನೆನಪುಗಳು.

ಉತ್ತರ ತಡವಾಯಿತು, ಬೈಯಬೇಡ. ವಾಂತಿ ಕಡಿಮೆಯಾಯಿತೇ? ಹೊಟ್ಟೆಯಲ್ಲಿರುವುದೂ ನಿನ್ನಷ್ಟೇ ಹಟಮಾರಿ ಅಂತ ನಿನ್ನ ಗಂಡ ಫೋನಿನಲ್ಲಿ ದೂರುತ್ತಿದ್ದ.

ನಾನಿಲ್ಲಿ ಒಬ್ಬನ ಮೇಲೆ ಕಣ್ಣಿಟ್ಟು ಕೂತಿದ್ದೆ. ನಮ್ಮ ಪ್ರಯೋಗಾಲಯದಲ್ಲಿ ನೋಡುವುದು ಒಂದೇ ಒಂದು ಜೀನ್. ಹೃದಯದ ಜೀವಕೋಶಗಳಿಗೆ ಸಂದೇಶಗಳು ನುಗ್ಗಿ ಬಂದಾಗ "ಸಾಕು, ಸುಮ್ಮನಿರಿ" ಅನ್ನುವ ಪ್ರೋಟೀನು ಅದರಿಂದಲೇ ಆಗುವುದು. ಮೀನಿನಿಂದ ಮನುಷ್ಯನವರೆಗೆ ಅದು ಹೆಚ್ಚುಕಡಿಮೆ ಬದಲಾಗಿಲ್ಲ. ರೋಗಿಗಳದನ್ನು ಹೋಲಿಸಲು ಆರೋಗ್ಯವಂತರ ಮಾದರಿ ಬೇಕು. ಅದು ಮುಗಿದರೆ ನಮ್ಮಲ್ಲೇ ಯಾರಾದರೂ ಕೊಳವೆಗೆ ಉಗುಳಿ ಕೊಡುವುದು ವಾಡಿಕೆ. ಈ ಸಲ ನನ್ನ ಉಗುಳು. ನೋಡಿದರೆ ಆ ಜೀನಿನ ಒಂದು ಜಾಗದಲ್ಲಿ ಎಡವಟ್ಟು, ಇರಬೇಕಾದ ಅಕ್ಷರವೇ ಬೇರೆ!

ಪಕ್ಕದ ಮೇಜಿನವನದೇ ಕೆಲಸ ಅಂದುಕೊಂಡೆ. ಅವನು ಮೀನುಗಳ ಮೇಲೆ ಪ್ರಯೋಗ ಮಾಡುವವನು, ಮಹಾ ಸೋಮಾರಿ. ಅವನ ಮೀನಿನ ಮಾದರಿಯ ಹನಿ ನನ್ನ ಕೊಳವೆಗೆ ಬಿದ್ದಿರಬೇಕು. ಬೇಕಂತಲೇ ಹಾಕಿದನೇನೋ, ನನ್ನ ಕೆಲಸದ ಮೇಲೆ ಅವನಿಗೆ ಕಣ್ಣಿದೆ. ಫ್ರಿಜ್ಜಿಗೆ ಬೀಗ ಜಡಿದೆ. ಅವನು ಚಹಾ ತಂದುಕೊಟ್ಟರೆ ಅದನ್ನೂ ಮೂಸಿ ನೋಡಿದೆ. ನಗಬೇಡ. ಅಣ್ಣನನ್ನು ಈಜಲು ಕರೆದೊಯ್ದ ಗೆಳೆಯನನ್ನು ನೀನು ಇಂದಿಗೂ ಹಾಗೇ ನೋಡುತ್ತೀಯಲ್ಲ? "ಚೆನ್ನಾಗಿ ಈಜು ಬರೋ ಅಣ್ಣ ಹೆಣವಾಗಿ ಬರ್ತಾನಾ? ಅವನೇ ಏನೋ ಮಾಡಿದಾನೆ" ಅನ್ನುತ್ತೀಯಲ್ಲ?

ಕೊನೆಗೆ ತಡೆಯಲಾರದೆ ಮುಖಕ್ಕೆ ಹೊಡೆದ ಹಾಗೆ ಕೇಳಿಬಿಟ್ಟೆ. ಅವನು ಸಿಟ್ಟಾಗಲಿಲ್ಲ, ತನ್ನ ಪರದೆ ನನ್ನತ್ತ ತಿರುಗಿಸಿದ. "ನೋಡಿ ಮೇಡಂ, ಆ ಜಾಗದಲ್ಲಿ ನನ್ನ ಮೀನಿಗೂ ಮನುಷ್ಯರಿಗೂ ವ್ಯತ್ಯಾಸವೇ ಇಲ್ಲ. ನನ್ನ ಹನಿ ಬಿದ್ದಿದ್ರೂ ಇದು ಬರ್ತಿರಲಿಲ್ಲ. ಇನ್ನೊಂದ್ಸಲ ಮಾಡಿ, ನಾನು ಹತ್ರಾನೂ ಬರಲ್ಲ."

ಹೊಸದಾಗಿ ಉಗುಳಿ, ಬಾಗಿಲು ಹಾಕಿಕೊಂಡು ಒಬ್ಬಳೇ ಮಾಡಿದೆ. ಅದೇ ಬಂತು. ಈಗ ಅವನಿಗೆ ಮುಖ ತೋರಿಸಲು ನಾಚಿಕೆ.

ಮೆಟ್ಟಿಲು ನಿಧಾನವಾಗಿ ಇಳಿ. ತಾಯಿ ಮಗು ಇಬ್ಬರೂ ನೂರ್ಕಾಲ ತಣ್ಣಗಿರಿ.

ನಿನ್ನ ಅಕ್ಕ

ತಾ.ಕ.: ಆ ಎಡವಟ್ಟು ಒಡಹುಟ್ಟಿದವರಲ್ಲೂ ಇರಬಹುದಂತೆ. ಅದು ಇರುವ ಕೆಲವರ ಹೃದಯ ಓಡುವಾಗಲೋ ಈಜುವಾಗಲೋ ತಟ್ಟನೆ ನಿಂತುಬಿಡುತ್ತದೆ. ಅಣ್ಣನ ಗೆಳೆಯ ಏನೂ ಮಾಡಿರಲಾರ ಕಣೇ. ನನಗೆ ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ, ಗಾಬರಿಯಾಗಬೇಡ. ಕಳೆದ ಸಲ ಬಂದಾಗ ನೀನು ಹಾಲು ಕುಡಿದು ಮೂಲೆಯಲ್ಲಿ ಮರೆತ ಲೋಟವನ್ನು, ಅಂಚಿನ ನಿನ್ನ ಉಗುಳಿನ ಸಮೇತ, ತೊಳೆಯದೆ ಎತ್ತಿಟ್ಟಿದ್ದೇನೆ. ನಿನ್ನನ್ನು ಕೇಳದೆ ಪರೀಕ್ಷಿಸಲು ಮನಸ್ಸಿಲ್ಲ. ಪ್ರಯೋಗಾಲಯಕ್ಕೆ ಒಯ್ಯಲೋ, ತೊಳೆದಿಡಲೋ, ನೀನೇ ಹೇಳು.