ಆ ಬಾಸ್ ಬಾರಿಸಿದ ಕೈ

ಬಾಂದ್ರಾ, ಮುಂಬಯಿ
೨೦ ಆಗಸ್ಟ್ ೧೯೭೪

ವಿನೋದಿನಿಯ ಅಪ್ಪನವರಿಗೆ ನಾಗವ್ವ ಮಾಡುವ ಶರಣು ಶರಣಾರ್ಥಿ.

ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಿ ಎಂದು ಶುರು ಮಾಡುವುದು ರೂಢಿ. ಇಲ್ಲಿ ಕ್ಷೇಮವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬರುವ ದೀಪಾವಳಿಗೆ ನೀವು ಈ ಮನೆ ಬಿಟ್ಟು ಐದು ವರ್ಷ. ಬಾಂದ್ರಾದಿಂದ ಕಾಂದಿವಲಿಗೆ ಲೋಕಲ್ ಹತ್ತಿದರೆ ಅರ್ಧ ತಾಸಿನ ದಾರಿ. ನೀವೂ ಬರಲಿಲ್ಲ, ನಾನೂ ಬರಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಮ್ಮದು ಎಷ್ಟು ಉಂಡರೂ ಮುಗಿಯಲಿಲ್ಲ. ನಿಮ್ಮ ಫ್ಯಾಕ್ಟರಿಯ ಹಣಮಂತ ತಿಂಗಳಿಗೊಮ್ಮೆ ನನ್ನ ಖಾನಾವಳಿಗೆ ಊಟಕ್ಕೆ ಬರುತ್ತಾನೆ. ಅಯ್ಯನವರು ಅರಾಮ ಅದಾರ ಎನ್ನುತ್ತಾನೆ. ನಾನು ರೊಟ್ಟಿ ಬಡಿಯುತ್ತಲೇ ಹೂಂ ಎನ್ನುತ್ತೇನೆ. ನಮ್ಮ ಸಂಸಾರ ಅಷ್ಟರಲ್ಲೇ ನಡೆದಿತ್ತು.

ಶನಿವಾರ ಗದಿಗೆಪ್ಪನವರು ಬಂದಿದ್ದರು. ನಮ್ಮ ಧಾರವಾಡ ಕಡೆಯವರ ಸಂಘಕ್ಕೆ ಅವರು ಈಗ ಕಾರ್ಯದರ್ಶಿ. ಬಾಸ್ ಬಾರಿಸಿದ ಹೊಸ ರೆಕಾರ್ಡು ಬಂದದ್ದಕ್ಕೆ ಬರುವ ರವಿವಾರ ಸಂಘದಲ್ಲಿ ವಿನೋದಿನಿಗೆ ಶಾಲು ಹೊದಿಸುವವರಿದ್ದರು. ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು ಕೂತರು. ಆಮೇಲೆ ನೀವು ಅವರಿಗೆ ಬರೆದ ಕಾಗದವನ್ನು ನನ್ನ ಕೈಗೆ ಕೊಟ್ಟರು. ಆ ರೆಕಾರ್ಡಿನಲ್ಲಿ ಬಾಸ್ ಗಿಟಾರ್ ಬಾರಿಸಿದ್ದು ನಿಮ್ಮ ಮಗಳಲ್ಲ, ನಿಮ್ಮ ಹಾಗೆಯೇ ಸಿನಿಮಾ ಹಾಡುಗಳಿಗೆ ಬಾಸ್ ಬಾರಿಸುತ್ತಿದ್ದ, ತೀರಿಹೋದ ದೂಜ ಎಂದು ಬರೆದಿದ್ದೀರಿ. ಹುಡುಗಿಯ ಫೋಟೋ ಹಾಕಿದರೆ ರೆಕಾರ್ಡು ಹೆಚ್ಚು ಮಾರಾಟವಾಗುತ್ತದೆಂದು ಕಂಪನಿಯವರು ಅವಳ ಹೆಸರು ಹಾಕಿದ್ದಾರೆ ಎಂದಿದ್ದೀರಿ. ಯಾವ ಕೈ ಕೇಳಿ ನಾನು ವಾದ್ಯ ಬಿಟ್ಟೆನೋ, ಮನೆ ಬಿಟ್ಟೆನೋ, ಆ ಕೈ ನನಗೆ ಗೊತ್ತಾಗದೆ ಇರುತ್ತದೆಯೆ, ತನ್ನದಲ್ಲದ ಮಾನ ನನ್ನ ಮಗಳಿಗೆ ಬೇಡ ಎಂದು ಮುಗಿಸಿದ್ದೀರಿ. ಅಕ್ಷರ ಮೊದಲಿನ ಹಾಗೆಯೇ ದುಂಡಗಿವೆ.

ಓದಿ ಮೈಯೆಲ್ಲ ಉರಿಯಿತು. ಮೂರು ದಿನ ನಿಮ್ಮನ್ನು ಮನಸ್ಸಿನಲ್ಲೇ ಬೈದೆ. ಈಗ ಸಿಟ್ಟು ಇಳಿದಿದೆ. ನೀವು ಹೊಟ್ಟೆಕಿಚ್ಚಿನವರಲ್ಲ, ಸುಳ್ಳು ಹೇಳುವವರೂ ಅಲ್ಲ. ಕಿವಿಗೆ ಕೇಳಿಸಿದ್ದನ್ನು ಬರೆದಿದ್ದೀರಿ. ಸುಳ್ಳು ಹೇಳಿದವಳು ನಾನು.

ವಿನೋದಿನಿ ನಿಮ್ಮ ಕಾಗದವನ್ನು ನಿಂತುಕೊಂಡೇ ಎರಡು ಸಲ ಓದಿದಳು. ಅಳಲಿಲ್ಲ. ಗಿಟಾರನ್ನು ಒಣ ಬಟ್ಟೆಯಿಂದ ಒರೆಸಿ, ಪೆಟ್ಟಿಗೆಗೆ ಹಾಕಿ, ಮಂಚದ ಕೆಳಗೆ ಗೋಡೆಗೆ ತಾಗುವ ತನಕ ದೂಡಿದಳು. ತಾನು ಸಂಜೆ ಬಾರಿಸುವ ಹೋಟೆಲಿನ ಕಾರ್ಯಕ್ರಮಕ್ಕೆ ಇನ್ನು ಬರುವುದಿಲ್ಲ ಎಂದು ಹೇಳಿ ಕಳಿಸಿದಳು. ಇಂದು ನಾಲ್ಕನೆಯ ದಿನ. ನನ್ನ ಜೊತೆ ಹಿಟ್ಟು ನಾದುತ್ತಾಳೆ, ಗಿರಾಕಿಗಳಿಗೆ ನೀಡುತ್ತಾಳೆ. ಇನ್ನು ಮುಂದೆ ಬಾರಿಸುವುದೇ ಇಲ್ಲವೇನೆ ಎಂದು ಕೇಳಿದರೆ ಆ ಸುದ್ದಿ ಬ್ಯಾಡವ್ವ ಅಂದಳು. ಅಪ್ಪನೇ ಕಳ್ಳಿ ಅಂದ ಮೇಲೆ ಯಾವ ಹುಡುಗಿಗೆ ಬಾರಿಸುವ ಮನಸ್ಸಾದೀತು?

ಅವಳಿಗೆ ಬಂದ ಹೊಗಳಿಕೆಯೆಲ್ಲ ನ್ಯಾಯವಾದದ್ದು ಎಂದು ನಾನೂ ಹೇಳುವುದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂದೀರಿ, ಅದಕ್ಕೇ ಮೊದಲೇ ಒಪ್ಪಿಕೊಳ್ಳುತ್ತೇನೆ. ಅರ್ಧ ಮಂದಿ ಹೋಟೆಲಿಗೆ ಬರುವುದು ಹುಡುಗಿ ಬಾರಿಸುತ್ತಾಳಂತೆ, ನೋಡೋಣ ಎಂದು. ಕಿವಿ ತರುವುದಿಲ್ಲ, ಕಣ್ಣು ಮಾತ್ರ ತರುತ್ತಾರೆ. ಇಂಗ್ಲಿಷ್ ವಾರಪತ್ರಿಕೆಯವನು ಒಂದು ಪುಟದ ತುಂಬ ಅವಳ ಫೋಟೋ ಹಾಕಿದ, ಬರೆದದ್ದು ಆರು ಸಾಲು. ಅದರಲ್ಲಿ ಎರಡು ಸಾಲು ಅವಳಿಗೆ ಅಡುಗೆ ಬರುತ್ತದೆಯೆ ಎಂಬುದರ ಬಗ್ಗೆ. ಅವಳೇ ಅದನ್ನು ಓದಿ ನಕ್ಕು, ಅವ್ವಾ, ಇದರಾಗ ಬಾಸ್ ಎಲ್ಲೈತಿ ಹುಡುಕು ಅಂದಿದ್ದಳು. ಆ ಹೊಗಳಿಕೆ ಹೋದರೆ ಹೋಗಲಿ. ಆದರೆ ರೆಕಾರ್ಡಿನಲ್ಲಿ ಬಾರಿಸಿದ ಕೈ ಅವಳದು. ಅದು ನಿಮಗೆ ದೂಜನ ಕೈಯಂತೆ ಏಕೆ ಕೇಳಿಸಿತು ಎಂಬುದು ನನಗೆ ಗೊತ್ತಿದೆ. ಐದು ವರ್ಷದಿಂದ ಗೊತ್ತಿದೆ.

ಅರವತ್ತೊಂಬತ್ತರ ವಿಷಮಜ್ವರ ನೆನಪಿದೆಯಲ್ಲ. ಒಂದು ಹಿಂದಿ ಸಿನಿಮಾ ಹಾಡಿನ ರೆಕಾರ್ಡಿಂಗಿಗಾಗಿ ನೀವು ಎರಡು ದಿನ ಮನೆಯಲ್ಲಿ ಅಭ್ಯಾಸ ಮಾಡಿ ಮೂರನೆಯ ದಿನ ಹಾಸಿಗೆ ಹಿಡಿದಿರಿ. ನಿಮ್ಮ ಸ್ಟುಡಿಯೋ ವಾದ್ಯದವರ ಪದ್ಧತಿ ನಿಮಗೆ ಹೇಳಬೇಕಿಲ್ಲ. ಒಬ್ಬ ಬೇನೆ ಬಿದ್ದರೆ ಗೆಳೆಯ ಅವನ ಬದಲಿ ಕೂಡುತ್ತಾನೆ. ರಿಜಿಸ್ಟರಿನಲ್ಲಿ ಬೇನೆಯವನ ಹೆಸರೇ ಇರುತ್ತದೆ, ಬದಲಿ ಕೂತವನು ಹೊರಗೆ ಬಾಯಿ ಬಿಡುವುದಿಲ್ಲ. ಗಿರಣಿಯ ಬದಲಿಗಳಿಗಿಂತ ನಿಮ್ಮಲ್ಲಿ ಮರ್ಯಾದೆ ಹೆಚ್ಚು ಎಂದು ಹೆಮ್ಮೆ ಪಡುತ್ತಿದ್ದಿರಿ. ಹಾಗೆ ದೂಜಣ್ಣ ನಿಮ್ಮ ಬದಲಿ ಕೂತರು ಎಂದು ನಿಮಗೆ ಹೇಳಿದೆವು. ನಿಜ ಏನೆಂದರೆ, ಅಂದು ಬೆಳಿಗ್ಗೆ ಟ್ಯಾಕ್ಸಿಯ ಬಾಗಿಲಿಗೆ ಸಿಕ್ಕಿ ಅವರ ಎಡಗೈಯ ಎರಡು ಬೆರಳು ಜಜ್ಜಿಹೋಗಿದ್ದವು. ಬಟ್ಟೆ ಸುತ್ತಿಕೊಂಡು ಬಂದು ನಮ್ಮ ಬಾಗಿಲಲ್ಲಿ ನಿಂತು, ನಾಗಕ್ಕ, ಬೇರೆ ಜನ ಯಾರೂ ಸಿಗಲಿಲ್ಲ, ಇವತ್ತು ಅಯ್ಯನವರ ಖುರ್ಚಿ ಖಾಲಿ ಬಿದ್ದರೆ ಮತ್ತೆ ಅವರಿಗೆ ಸಿಗಲಿಕ್ಕಿಲ್ಲ ಅಂದರು. ನೀವು ಒಳಗೆ ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದಿರಿ. ಆಗ ವಿನೋದಿನಿ ಆ ಹಾಡಿನ ಬಾಸನ್ನು ಬಾಯಲ್ಲೇ ಪೂರ್ತಿ ಹಾಡಿ ತೋರಿಸಿದಳು.

ಅವಳು ಆ ಗಿಟಾರು ಮುಟ್ಟಬಾರದು ಎಂದು ನೀವು ಆಣೆ ಹಾಕಿದ್ದಿರಿ. ಹೆಣ್ಣುಮಕ್ಕಳಿಗೆ ಸಿತಾರ ಆದೀತು, ಇದು ಬ್ಯಾಡ ಎನ್ನುತ್ತಿದ್ದಿರಿ. ನೀವು ಗಿಟಾರು ಮನೆಯಲ್ಲಿ ಬಿಟ್ಟು ಹೊರಗೆ ಹೋದಾಗಲೆಲ್ಲ ಅವಳು ಅದನ್ನು ಕಪಾಟಿಗೆ ಒತ್ತಿ ಹಿಡಿದು, ಕಪಾಟಿನ ಕಟ್ಟಿಗೆಗೆ ಕಿವಿ ಹಚ್ಚಿ ಬಾರಿಸುತ್ತಿದ್ದಳು. ವಿದ್ಯುತ್ತಿಲ್ಲದೆ ಅದರ ದನಿ ಕೇಳಿಸುವುದಿಲ್ಲ, ಕಟ್ಟಿಗೆಯಲ್ಲಿ ಮಾತ್ರ ಗುಂಯ್ ಎನ್ನುತ್ತದೆ. ಮೂರು ವರ್ಷ ಹೀಗೆ ಕಲಿತಳು. ನಾನು ಚಾಳಿನ ಜಿನೆಯ ಮೆಟ್ಟಿಲ ಮೇಲೆ ನಿಂತು ನೀವು ಬರುತ್ತೀರೇನೋ ಎಂದು ಕಾಯುತ್ತಿದ್ದೆ.

ಅಂದು ಹದಿನಾಲ್ಕು ವರ್ಷದ ಹುಡುಗಿಯನ್ನು ದೂಜಣ್ಣ ತನ್ನ ಅಕ್ಕನ ಮಗಳು, ಸಾಮಾನು ಹಿಡಿಯಲು ಬಂದಿದ್ದಾಳೆ ಎಂದು ಹೇಳಿ ಒಳಗೆ ಕರೆದೊಯ್ದರು. ಬಾಸಿನವರನ್ನು ಮೂಲೆಯಲ್ಲಿ ಮರದ ಪಾರ್ಟಿಶನ್ನಿನ ಹಿಂದೆ ಕೂರಿಸುತ್ತಾರಲ್ಲ, ಅಲ್ಲಿ ಅವರು ಮುಂದೆ ಕೂತರು, ಅವಳು ಅವರ ಬೆನ್ನ ಹಿಂದೆ ಕೂತಳು. ಅವಳೇ ಬಾರಿಸಿದಳು. ಆಚೆ ಇದ್ದ ಐವತ್ತು ಮಂದಿಗೆ ದೂಜನೇ ಬಾರಿಸಿದ ಎಂದು ಅನಿಸಿತು. ಸಂಜೆ ಅವಳನ್ನು ಮನೆಗೆ ತಂದು ಬಿಟ್ಟಾಗ ದೂಜಣ್ಣ ಅಂದದ್ದು ಇವತ್ತಿಗೂ ಕಿವಿಯಲ್ಲಿದೆ. ಒಂದು ಸ್ವರ ತಡೆದು ಬಿಡುತ್ತಾಳಲ್ಲ ಅಕ್ಕ, ಅದು ನಾನು ಹೇಳಿಕೊಟ್ಟದ್ದಲ್ಲ, ನನಗೆ ಅದು ಬರುವುದೂ ಇಲ್ಲ, ಅದು ಅಯ್ಯನವರದ್ದೇ ಅಂದರು. ನೀವು ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಪೇಟಿ ಬಾರಿಸುವಾಗ ನಟರು ಉಸಿರು ತೆಗೆದುಕೊಳ್ಳುವ ತನಕ ಕಾಯುತ್ತಿದ್ದಿರಂತೆ. ಆ ಕಾಯುವುದನ್ನು ಅವಳು ನಿಮ್ಮಿಂದ ಕೇಳಿ ಕೇಳಿ ಎತ್ತಿಕೊಂಡಿದ್ದಳು.

ಗುಣವಾದ ಮೇಲೆ ನೀವು ಸ್ಟುಡಿಯೋಗೆ ಹೋದಿರಿ. ಅವರು ನಿಮಗೆ ಆ ಹಾಡು ಹಚ್ಚಿ ಕೇಳಿಸಿದರು. ಮನೆಗೆ ಬಂದು ಚಪ್ಪಲಿ ಬಿಡದೆ ಕೂತಿರಿ. ವಿನೋದಿನಿ ಶಾಲೆಗೆ ಹೋಗಿದ್ದಳು. ಇಪ್ಪತ್ತು ವರ್ಷ ನಾ ಹುಡುಕಿದ್ದು ದೂಜಗ ಒಂದು ದಿನಕ್ಕ ಸಿಕ್ಕೈತಿ, ಇನ್ನ ನಾ ಯಾಕ ಬಾರಿಸಬೇಕು ಅಂದಿರಿ. ನಾನು ಬಾಯಿ ತೆರೆದೆ. ಆಣೆ ಮುರಿದೆವೆಂದು ಬಡಿಯುತ್ತೀರೇನೋ ಎಂಬ ಅಂಜಿಕೆ. ಇವತ್ತು ಬೇಡ, ನಾಳೆ ಹೇಳೋಣ ಎಂದುಕೊಂಡೆ. ತಿಂಗಳೊಳಗೆ ನೀವು ಗಿಟಾರು ಇಲ್ಲೇ ಬಿಟ್ಟು ಕಾಂದಿವಲಿಗೆ ಹೋಗಿ ಟೈಮ್‌ಕೀಪರ್ ಕೆಲಸಕ್ಕೆ ಸೇರಿದಿರಿ. ಆಮೇಲೆ ನನಗೂ ಸಿಟ್ಟು ಬಂತು. ಇಷ್ಟಕ್ಕೇ ಹೆಂಡತಿ ಮಗಳನ್ನು ಬಿಟ್ಟು ಹೋಗುವ ಗಂಡಸಿಗೆ ನಾನೇಕೆ ಹೇಳಲಿ, ಹೋಗಲಿ ಬಿಡು ಎಂದು ಹಟ ಹಿಡಿದೆ. ನೀವೇಕೆ ಹೋದಿರಿ ಎಂದು ವಿನೋದಿನಿ ಕೇಳಿದಾಗಲೆಲ್ಲ, ನಮ್ಮಿಬ್ಬರ ಜಗಳ, ಸಣ್ಣವಳಿಗೆ ತಿಳಿಯುವುದಿಲ್ಲ ಎಂದು ಬಾಯಿ ಮುಚ್ಚಿಸಿದೆ.

ನನ್ನ ಪಾಪ ಇಷ್ಟಕ್ಕೇ ಮುಗಿಯುವುದಿಲ್ಲ. ದೂಜಣ್ಣ ನಿಮ್ಮನ್ನು ನೋಡಲು ಕಾಂದಿವಲಿಗೆ ಎರಡು ಸಲ ಬಂದರು. ಎರಡೂ ಸಲ ನೀವು ಮುಖ ತಿರುಗಿಸಿದಿರಿ. ನಿಜ ಹೇಳಿಬಿಡಿ ಅಣ್ಣ ಎಂದು ನಾನು ಹೇಳಬಹುದಿತ್ತು, ಹೇಳಲಿಲ್ಲ. ನೀವು ಹೇಳುವ ತನಕ ನಾನು ಹೇಳುವುದಿಲ್ಲ ಅಕ್ಕ ಎಂದು ಮಾತು ಕೊಟ್ಟಿದ್ದರು, ಉಳಿಸಿಕೊಂಡರು. ಅವರ ಜಜ್ಜಿದ ಬೆರಳು ಕೊನೆತನಕ ನೆಟ್ಟಗಾಗಲಿಲ್ಲ. ತಂತಿ ಒತ್ತಲು ಆಗದೆ ಬ್ಯಾಂಡು ಕಟ್ಟಿ ಬೇರೆಯವರನ್ನು ಬಾರಿಸಲು ಹಚ್ಚಿದರು, ವಿನೋದಿನಿಯನ್ನೂ ಅದಕ್ಕೇ ಸೇರಿಸಿಕೊಂಡರು. ಈ ರೆಕಾರ್ಡು ಮಾಡಿಸಿದ ಎರಡು ತಿಂಗಳಿಗೆ ತೀರಿಕೊಂಡರು. ನೀವು ಮಣ್ಣಿಗೆ ಬರಲಿಲ್ಲ. ಗೆಳೆಯ ತನ್ನನ್ನು ಸೋಲಿಸಿದ ಎಂದು ನೀವು ತಿಳಿದಿದ್ದಿರಿ. ಪಾಪ, ಅವರು ಅಂದು ನಿಮ್ಮ ಖುರ್ಚಿ ಉಳಿಸಲು ಬಂದಿದ್ದರು.

ನಿಮ್ಮನ್ನು ಮನೆಗೆ ಬನ್ನಿ ಎಂದು ಕರೆಯುವ ಮುಖ ನನಗಿಲ್ಲ. ಸಂಘದವರ ಶಾಲೂ ಬೇಡ. ನೀವು ಆ ರೆಕಾರ್ಡನ್ನು ಇನ್ನೊಂದು ಸಲ ಕೇಳಿರಿ. ಮಗಳದು ಎಂದು ತಿಳಿದು ಕೇಳಿರಿ. ಚೆನ್ನಾಗಿಲ್ಲ ಅನಿಸಿದರೆ ಚೆನ್ನಾಗಿಲ್ಲ ಎಂದೇ ಬರೆಯಿರಿ, ಅವಳು ತಡೆದುಕೊಳ್ಳುತ್ತಾಳೆ. ಆದರೆ ಇದು ನಿನ್ನ ಕೈ ಎಂದು ಅವಳಿಗೆ ಒಂದು ಸಾಲು ಬರೆಯಿರಿ. ನೀವು ಬರೆಯದಿದ್ದರೆ ಅವಳು ಆ ಪೆಟ್ಟಿಗೆಯನ್ನು ಇನ್ನು ತೆರೆಯುವುದಿಲ್ಲ. ನಾನು ಅವಳ ತಾಯಿ, ನನಗೆ ಗೊತ್ತು.

ನನ್ನನ್ನು ಕ್ಷಮಿಸಿರಿ ಎಂದು ಕೇಳುವುದಿಲ್ಲ. ಕ್ಷಮಿಸಬೇಕಾದವರಲ್ಲಿ ಒಬ್ಬರು ಈಗಾಗಲೇ ಹೋಗಿದ್ದಾರೆ.

ಇಂತಿ,
ನಿಮ್ಮ
ನಾಗವ್ವ

ತಾ.ಕ.: ಕಾಗದ ಮಡಚುವಾಗ ವಿನೋದಿನಿ ಬಂದು ನನ್ನ ಕೈಯಿಂದ ತೆಗೆದುಕೊಂಡು ಪೂರ್ತಿ ಓದಿದಳು. ನಾನು ತಪ್ಪು ತಿಳಿದಿದ್ದೆ. ನೀವು ಕಳ್ಳಿ ಅಂದಿರೆಂದು ಅವಳು ಗಿಟಾರು ಒಳಗಿಟ್ಟದ್ದಲ್ಲ. ನೀವು ಏಕೆ ಮನೆ ಬಿಟ್ಟಿರಿ ಎಂಬುದು ನಿಮ್ಮ ಕಾಗದದಿಂದ ಅವಳಿಗೆ ಮೊದಲ ಸಲ ತಿಳಿಯಿತಂತೆ. ಕಳಿಸಬ್ಯಾಡವ್ವ, ದೂಜ ಕಾಕಾನ ಮುಂದ ಸೋತೆ ಅಂತ ಅಪ್ಪ ಹ್ಯಾಂಗೋ ಬದುಕ್ಯಾನ, ಮಗಳ ಮುಂದ ಸೋತೆ ಅಂತ ಗೊತ್ತಾದರ ಎಲ್ಲಿ ಹೋಗಬೇಕು ಅಂದಳು. ಆ ರೆಕಾರ್ಡಿನಲ್ಲಿ ಬಾರಿಸಿದ್ದು ದೂಜ ಕಾಕಾನೇ, ನನ್ನ ಹೆಸರು ಸುಳ್ಳು ಎಂದು ಅವಳು ನಿನ್ನೆಯೇ ಗದಿಗೆಪ್ಪನವರಿಗೆ ಬರೆದು ಸಹಿ ಮಾಡಿ ಕೊಟ್ಟುಬಂದಿದ್ದಾಳೆ. ಅವರು ಅದನ್ನು ನಿಮಗೆ ಕಳಿಸುತ್ತಾರೆ. ನಂಬಬೇಡಿರಿ.