ಬಲಹೀನತೆ ಎಂದು ಬರೆದ ಚೀಟಿ

ಮಾರ್ಚ್ ೧೪, ಗುರುವಾರ

ಪ್ರೀತಿಯ ತಂಗಿ,

ಕರ್ತನ ಹೆಸರಿನಲ್ಲಿ ವಂದನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದೆ, ಬೈಯಬೇಡ. ಸೊಂಟನೋವು ಹೇಗಿದೆ? ನಿನ್ನ ಭಾವ ಹೊಸ ಹಲ್ಲುಸೆಟ್ಟು ಹಾಕಿಸಿಕೊಂಡು ಮಾತಿಗೊಂದು ಸಿಳ್ಳೆ ಹೊಡೆಯುತ್ತಾರೆ. ನನ್ನ ಜೆರಾಕ್ಸ್ ಅಂಗಡಿಯೂ ನಡೆಯುತ್ತಿದೆ. ನನಗೆ ಮಾತ್ರ ಭಾನುವಾರದಿಂದ ನಮ್ಮ ಚರ್ಚಿನ ಸಭೆಯವರ ಮುಖ ನೋಡಿದರೆ ವಾಕರಿಕೆ ಬರುತ್ತದೆ.

ನಮ್ಮ ಪಾದ್ರಿ ಅಯ್ಯನವರು ನಿನಗೆ ಗೊತ್ತಲ್ಲ, ಅಮ್ಮನ ಕೊನೆಯ ಮೂರು ವಾರ ದಿನಾ ಬಂದು ಹಾಸಿಗೆ ಪಕ್ಕ ಕೂತು ಬೈಬಲಿನ ಕೀರ್ತನೆ ಓದಿದವರು. ತಿಂಗಳ ಹಿಂದೆ ಅಂಗಡಿಗೆ ಬಂದು ಬಲಗೈಯನ್ನು ಮೇಜಿನ ಮೇಲಿಟ್ಟು ತೋರಿಸಿದರು. ಅದು ತಾನಾಗಿ ನಡುಗುತ್ತಿತ್ತು. ನರದ ಕಾಯಿಲೆ ಎಂದರಂತೆ ಡಾಕ್ಟರು. “ಕಾಯಿಲೆ ವಿಷಯ ಬೇಡಮ್ಮ, ಮನೇಲಿ ಅವಳಿಗೇ ಇನ್ನೂ ಹೇಳಿಲ್ಲ. ಸುಮ್ನೆ ಪ್ರಾರ್ಥನೆ ಮಾಡಿ ಅಂತ ಹಾಕು,” ಎಂದರು.

ಸಭಾನಾಯಕರಿಗಾಗಿ ಪ್ರಾರ್ಥಿಸುವ ವಾರದ ಚೀಟಿ ಬರೆದು, ಪ್ರತಿ ತೆಗೆದು ಹಂಚುವುದು ನನ್ನ ಕೆಲಸವಲ್ಲವೇ? “ಅಯ್ಯನವರ ಬಲಹೀನತೆಗಾಗಿ ಪ್ರಾರ್ಥಿಸಿರಿ” ಎಂದು ಬರೆದೆ. ನಮ್ಮಲ್ಲಿ ಜ್ವರ ಬಂದರೂ ಬಲಹೀನತೆ ಎನ್ನುತ್ತೇವೆ. ಪಾಪದಲ್ಲಿ ಬಿದ್ದವನಿಗೂ ಅದೇ ಮಾತು ಎಂಬುದು ನನ್ನ ಮಂಡೆಗೆ ಹೊಳೆಯಲಿಲ್ಲ.

ಅರವತ್ತು ಪ್ರತಿ ಮನೆಮನೆಗೆ ಹೋಯಿತು. ಎಂಥ ಬಲಹೀನತೆ ಎಂದು ಒಬ್ಬರೂ ನನ್ನನ್ನು ಕೇಳಲಿಲ್ಲ. ಮುಂದಿನ ಭಾನುವಾರ ಕರ್ತನ ಭೋಜನದ ಹೊತ್ತಿಗೆ ಅಯ್ಯನವರ ಕೈಯಲ್ಲಿ ಪಾತ್ರೆ ನಡುಗಿ, ದ್ರಾಕ್ಷಾರಸ ಬಿಳಿ ಬಟ್ಟೆಯ ಮೇಲೆ ಚೆಲ್ಲಿತು. ಅಷ್ಟೇ ಸಾಕಾಯಿತು. ಅವರು ಕುಡಿಯುತ್ತಾರೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ ನೋಡು, ಎಲ್ಲರೂ ಪ್ರಾರ್ಥನೆ ಮಾಡಿದರು. ಕಣ್ಣು ಮುಚ್ಚಿಕೊಂಡು ಚಾಡಿ ಹೇಳಿದರೆ ಅದು ಚಾಡಿಯಲ್ಲ ಎಂದು ತಿಳಿದ ಜನ. ಥೂ.

ನೀನು ‘ಮೈಕ್ ಮಾವ’ ಎಂದು ಹೆಸರಿಟ್ಟ ಆ ನಿವೃತ್ತ ಹೆಡ್‌ಮಾಸ್ಟರು, ಕಳೆದ ಭಾನುವಾರ ಅಯ್ಯನವರನ್ನು ಸಭೆಯ ನಡುವೆ ಮೊಣಕಾಲೂರಿಸಿ ತಲೆಯ ಮೇಲೆ ಕೈಯಿಟ್ಟರು. “ಕರ್ತನೇ, ನಿನ್ನ ದಾಸನನ್ನು ಬಾಟಲಿಯ ಬಂಧನದಿಂದ ಬಿಡಿಸು,” ಎಂದು ಬೀದಿಗೆಲ್ಲ ಕೇಳುವಂತೆ ಬೇಡಿದರು. ಕಣ್ಣೀರೂ ಬಂತು. ಹೊರಗೆ ಬಂದವರೇ ಬಿಸ್ಕತ್ತು ಅದ್ದಿಕೊಂಡು ಟೀ ಕುಡಿದರು. ಆ ಮೀಸೆಗೆ ಅಂಟಿದ ಪುಡಿ ನೆನೆದರೆ ಈಗಲೂ ಹೇಸಿಗೆಯಾಗುತ್ತದೆ.

ಸೋಮವಾರ ಅಯ್ಯನವರು ರಾಜೀನಾಮೆ ಕೊಟ್ಟರು. ನಾನು ಅವರ ಮನೆಗೆ ಹೋದಾಗ ಹೆಂಡತಿ ಮನೆ ಖಾಲಿ ಮಾಡಲು ಕಿಟಕಿಯ ಪರದೆ ಕಳಚುತ್ತಿದ್ದರು, ತಿರುಗಿ ನೋಡಲಿಲ್ಲ. ಈ ವಾರದ ಚೀಟಿಗೆ ಮೈಕ್ ಮಾವ ವಿಷಯ ಕಳಿಸಿದ್ದಾರೆ, “ಯೋಗ್ಯ ಸಭಾಪಾಲಕರು ಸಿಗುವಂತೆ ಪ್ರಾರ್ಥಿಸಿರಿ” ಎಂದು. ಮಷೀನು ಕೆಟ್ಟಿದೆ ಎಂದು ಹೇಳಿಕಳಿಸಿದೆ.

ಸೊಂಟಕ್ಕೆ ಬಿಸಿನೀರಿನ ಶಾಖ ಕೊಡು, ಭಾರ ಎತ್ತಬೇಡ. ನಿನ್ನನ್ನೂ ಮಕ್ಕಳನ್ನೂ ದೇವರು ಕಾಯಲಿ, ಇಂಥ ಪ್ರಾರ್ಥನೆಗಳಿಂದಲೂ ಕಾಯಲಿ.

ನಿನ್ನ ಅಕ್ಕ

ತಾ.ಕ.: ಒಂದು ಮಾತು ಬಿಟ್ಟಿದ್ದೆ. ಕಳೆದ ಭಾನುವಾರ ಆರಾಧನೆಗೆ ಮುಂಚೆ ಅಯ್ಯನವರು ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ, “ಮನೇಲಿ ಕಾಯಿಲೆ ವಿಷಯ ಹೇಳ್ಬಿಟ್ಟೆ. ನಾನೇ ಹೇಳಿದ್ರೆ ಇವರು ನೆಪ ಅಂತಾರೆ, ನೀನು ಹೇಳಮ್ಮ,” ಎಂದಿದ್ದರು. ಆಗಲಿ ಎಂದಿದ್ದೆ. ಅಷ್ಟು ಜನರ ಮುಂದೆ ಎದ್ದು ಹೇಳಲು ನನಗೆ ಧೈರ್ಯ ಬರಲಿಲ್ಲ. ಮೈಕ್ ಮಾವ ಮುಗಿಸಿದಾಗ ಎಲ್ಲರ ಜೊತೆ ನಾನೂ ಆಮೆನ್ ಎಂದೆ. ಕಣ್ಣು ತೆರೆದರೆ ಅಯ್ಯನವರು ನನ್ನನ್ನೇ ನೋಡುತ್ತಿದ್ದರು.